ಕಷ್ಟ ಬೇರೆ, ಕಟ್ಟಿಹಾಕುವುದು ಬೇರೆ

ದುಡಿಯುವವರಿಗೆ ಹೊತ್ತಿಲ್ಲ, ಆದ್ದರಿಂದ ಆಟಗಳನ್ನು ಸುಲಭಗೊಳಿಸಬೇಕು ಎಂದು ಕೆಲವರ ವಾದ. ಹೊತ್ತಿಲ್ಲದವರು ಇಂಥ ಆಟದ ತಂಟೆಗೇ ಬರಬಾರದು ಎಂದು ಮತ್ತೆ ಕೆಲವರ ಗದರಿಕೆ. ‘ಎಲ್ಡನ್ ರಿಂಗ್’ ಎಂಬ ಜಪಾನೀ ವೀಡಿಯೊ ಆಟಕ್ಕೆ 2024ರ ಜೂನ್‌ನಲ್ಲಿ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಎಂಬ ಮುಂದುವರಿಕೆ ಬಂದಾಗ ಈ ಜಗಳ ಮತ್ತೆ ಎದ್ದಿತು. ಎರಡು ಪಕ್ಷಗಳೂ ಹಾದಿ ತಪ್ಪಿವೆಯೆಂದು ನನ್ನ ಅಭಿಪ್ರಾಯ.

ಮೊದಲು ಸುಲಭವಾದಿಗಳ ಮಾತು. ಈ ಮುಂದುವರಿಕೆಯ ಬಾಗಿಲು ತೆರೆಯಬೇಕಾದರೆ ಮೂಲ ಆಟದ ರಾಡಾನ್, ಮೋಗ್ ಎಂಬ ಇಬ್ಬರು ಮಹಾವೀರರನ್ನು ಗೆದ್ದಿರಬೇಕು. ಒಳಹೊಕ್ಕ ಮೇಲೆ ಹಳೆಯ ಬಲ ಸಾಲದು. ಆ ನಾಡೆಲ್ಲ ಅಲೆದು, ಅಲ್ಲಲ್ಲಿ ಅಡಗಿರುವ ಮರದ ಚೂರುಗಳನ್ನು ಆಯ್ದು ತಂದರೆ ಶಕ್ತಿ 20 ಮೆಟ್ಟಿಲುಗಳವರೆಗೆ ಏರುತ್ತದೆ. ಸತ್ತರೆ ಕೂಡಿಟ್ಟ ರೂನುಗಳು ಬಿದ್ದಲ್ಲೇ ಉಳಿಯುತ್ತವೆ. ಅವನ್ನು ಎತ್ತಿಕೊಳ್ಳುವ ಮುನ್ನ ಇನ್ನೊಮ್ಮೆ ಸತ್ತರೆ ಹೋದುವೆಂದೇ ಲೆಕ್ಕ.

ಕಠಿಣ, ನಿಜ. ಆದರೆ ಈ ಕಾಠಿಣ್ಯ ಬಿಡುವಿಲ್ಲದವನ ಹಗೆಯಲ್ಲ. ಉತ್ತರಪತ್ರಿಕೆಗಳ ಕಟ್ಟು ಕಟ್ಟಿಟ್ಟ ಮೇಲೆ ನನಗೆ ರಾತ್ರಿ ಉಳಿಯುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ವೈರಿಯ ಒಂದು ವರಸೆಯನ್ನು ಅರಿತುಕೊಂಡರೂ ಸಾಕು. ಹಳಗನ್ನಡ ಕಾವ್ಯವನ್ನು ಓದುವುದೂ ಹೀಗೆಯೆ ಅಲ್ಲವೆ? ದಿನಕ್ಕೆ ನಾಲ್ಕೇ ಪದ್ಯ. ಬಿಡುವಿಲ್ಲದವರಿಗಾಗಿ ಪಂಪಭಾರತವನ್ನು ಸುಲಭಗೊಳಿಸಿದರೆ ಉಳಿಯುವುದು ಕಥಾಸಾರ, ಪಂಪನಲ್ಲ.

ಇನ್ನು ಗದರಿಸುವವರು. ಆಟದ ನಡುವೆ ಯಾರೋ ಬಾಗಿಲು ಬಡಿಯುತ್ತಾರೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ. ಆಗ ಆಟವನ್ನು ಇದ್ದಲ್ಲಿಯೇ ನಿಲ್ಲಿಸಿ ಏಳಲು ಗುಂಡಿಯಿಲ್ಲ. ಅಂತರ್ಜಾಲದ ನಂಟು ಕಡಿದು ಒಬ್ಬನೇ ಆಡುತ್ತಿದ್ದರೂ ವೈರಿ ಹೊಡೆಯುತ್ತಲೇ ಇರುತ್ತಾನೆ. ಆಟದಿಂದ ಹೊರಬಂದರೆ ಗಳಿಸಿದ್ದು ಉಳಿಯುತ್ತದೆ, ಸರಿ. ಕಾಳಗವನ್ನು ಮಾತ್ರ ಮೊದಲಿನಿಂದ ಹೂಡಬೇಕು. ಇದೂ ಆಟದ ಕಷ್ಟದ ಒಂದು ಅಂಗವೆಂದು ಅಭಿಮಾನಿಗಳು ಸಮರ್ಥಿಸುತ್ತಾರೆ.

ಖಂಡಿತ ಅಲ್ಲ. ಇದೇ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2019ರಲ್ಲಿ ತಂದ ‘ಸೆಕಿರೋ’ವನ್ನು ಬೇಕೆಂದಾಗ ನಿಲ್ಲಿಸಬಹುದು. ಅದನ್ನು ಸುಲಭವೆಂದು ಕರೆದವರುಂಟೆ? ಅಷ್ಟೇಕೆ, ಎಲ್ಡನ್ ರಿಂಗಿನಲ್ಲಿಯೇ ಸಹಾಯದ ವಿವರಣೆಯ ಪುಟ ತೆರೆದರೆ ಆಟ ತಟಸ್ಥವಾಗುವುದನ್ನು 2022ರಲ್ಲಿ ಆಟಗಾರರು ಪತ್ತೆಹಚ್ಚಿದರು. ಎಂದರೆ, ಕೊರತೆ ಇರುವುದು ಯಂತ್ರದಲ್ಲಲ್ಲ. ಹಲವರು ಕೂಡಿ ಆಡುವಾಗ ಒಬ್ಬನಿಗಾಗಿ ಎಲ್ಲರನ್ನೂ ನಿಲ್ಲಿಸಲಾಗದು, ಒಪ್ಪೋಣ. ಒಬ್ಬನೇ ಇರುವಾಗ ಯಾರ ಹಿತಕ್ಕಾಗಿ ಈ ನಿರ್ಬಂಧ?

ಕತ್ತಿಯ ವರಸೆಯನ್ನು ಸಡಿಲಿಸಿರೆಂದು ನಾನು ಕೇಳುವುದಿಲ್ಲ. ನೂರು ಸಲ ಸೋಲಲು ಸಿದ್ಧ. ಕಾವ್ಯ ಎಷ್ಟೇ ಬಿಗಿಯಾಗಿರಲಿ, ಪುಟದ ನಡುವೆ ಬೆರಳಿಟ್ಟು ಏಳುವ ಹಕ್ಕನ್ನು ಯಾವ ಕವಿಯೂ ಓದುಗನಿಂದ ಕಸಿದುಕೊಂಡಿಲ್ಲ. ಆ ಹಕ್ಕು ಆಟಗಾರನಿಗೂ ಸಲ್ಲಬೇಕು.