ಜಗಲಿ ಕೆಡವಿದ ಮೇಲೆ ಎಲ್ಲಿ ಕೂರೋದು?

ಹೋದ ವಾರ ಬೇಲೂರಿಂದ ನನ್ನ ತಮ್ಮ ಫೋನ್ ಮಾಡಿದ್ದ. "ಅಕ್ಕ, ದೀಪಾವಳಿ ಕಳೀತಿದ್ದಂಗೆ ಅಪ್ಪನ ಮನೆ ಕೆಡವ್ತೀವಿ. ಪ್ಲಾನ್ ವಾಟ್ಸಾಪಲ್ಲಿ ಹಾಕಿದೀನಿ ನೋಡು" ಅಂದ. ನೋಡಿದೆ. ಕೆಳಗೆ ಎರಡು ಶಟರ್ ಅಂಗಡಿ, ಪಕ್ಕದಲ್ಲಿ ಕಾರು ನಿಲ್ಲೋ ಜಾಗ, ಮೇಲೆ ಎರಡು ಅಂತಸ್ತು, ಮುಂದೆಲ್ಲಾ ನೀಲಿ ಗಾಜು. ಅಮ್ಮನಿಗೂ ಒಂದು ರೂಮು ಇಟ್ಟಿದಾರೆ. ಜಗಲಿ ಮಾತ್ರ ಇಲ್ಲ. ಅದಕ್ಕೇ ಇವತ್ತು ಅಡುಗೆ ವಿಷ್ಯ ಬಿಟ್ಟು ಇದನ್ನ ಬರೀತಿದೀನಿ. ಸ್ವಲ್ಪ ಜಗಳದ ಥರ ಇರತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲೇ ಹೇಳಿಬಿಡ್ತೀನಿ, ನನಗೆ ಹಳೇ ಮನೆ ಹುಚ್ಚಿಲ್ಲ. ಕೋತಿ ಸರಿಸಿದ ಹೆಂಚಿನ ಕೆಳಗೆಲ್ಲಾ ಪಾತ್ರೆ ಇಟ್ಟು ಮಳೆಗಾಲ ಕಳೆದವಳು ನಾನು. ಸೌದೆ ಒಲೆ ಹೊಗೇಲಿ ಕಣ್ಣು ಉಜ್ಜಿಕೊಂಡವಳು. "ತೊಟ್ಟಿ ಮನೆ ಎಷ್ಟು ಚೆನ್ನಾಗಿತ್ತು" ಅಂತ ಫೋಟೋ ಹಾಕೋರಲ್ಲಿ ಅದನ್ನ ಗುಡಿಸಿ ಸಾರಿಸಿದವರು ಕಮ್ಮಿ. ಗ್ಯಾಸು, ಒಳಗೇ ಬಚ್ಚಲು, ಟೈಲ್ಸು ಎಲ್ಲಾ ನಂಗೂ ಬೇಕು. ನನ್ನ ತಕರಾರು ಒಂದೇ. ಮನೆ ಬದಲಾಯಿಸೋವಾಗ ಮನೆಗೂ ಬೀದಿಗೂ ನಡುವೆ ಇದ್ದ ಆ ಮೂರಡಿ ಜಾಗನ ಯಾಕೆ ನುಂಗ್ತೀರಿ?

ಅರಸೀಕೆರೇಲಿ ನಮ್ಮ ಮಾವನವರ ಮನೆ ಕೆಡವಿದ್ದು 2014ರಲ್ಲಿ. ಹೂಂ ಅಂದವರಲ್ಲಿ ನಾನೂ ಒಬ್ಬಳು. ಆ ಮನೆಗೆ ಬಾಗಿಲ ಎರಡೂ ಕಡೆ ಜಗಲಿ, ಮೇಲೆ ಇಳಿಬಿದ್ದ ಸೂರು, ಒಳಗೆ ಅಟ್ಟದ ತುಂಬಾ ಉಂಡೆ ಕೊಬ್ಬರಿಗೆ ಹಾಕಿದ ಕಾಯಿ. ಮಧ್ಯಾಹ್ನ ಮೂರಾದ್ರೆ ನಮ್ಮ ಅತ್ತೆಯವರು ಎಲೆಅಡಿಕೆ ತಟ್ಟೆ ಹಿಡ್ಕೊಂಡು ಜಗಲಿಗೆ ಬರೋರು. ಬೀದಿ ಹೆಂಗಸರು ಒಬ್ಬೊಬ್ಬರಾಗಿ ಸೇರೋರು. ಅವರೇಕಾಯಿ ಕಾಲದಲ್ಲಿ ಯಾರ ಮನೆ ಕಾಯಿ ಯಾರು ಸುಲೀತಿದ್ರು ಅನ್ನೋ ಲೆಕ್ಕ ಇರ್ತಿರ್ಲಿಲ್ಲ. ಯಾರಿಗೆ ಹುಷಾರಿಲ್ಲ, ಯಾರ ಮಗಳು ತವರಿಗೆ ಬಂದವಳು ವಾಪಸ್ ಹೋಗಿಲ್ಲ, ಎಲ್ಲಾ ಅಲ್ಲೇ ಗೊತ್ತಾಗ್ತಿತ್ತು, ಸಹಾಯಾನೂ ಅಲ್ಲಿಂದಲೇ ಹೊರಡ್ತಿತ್ತು.

ಹೊಸ ಮನೇಲಿ ಅತ್ತೆಯವರಿಗೆ ಒಳ್ಳೇ ರೂಮು, ಮಂಚ, ಟಿವಿ ಕೊಟ್ವಿ. ಮೂರು ಗಂಟೆಗೆ ಎದ್ದು ಬಂದು ಗ್ರಿಲ್ ಹಿಡ್ಕೊಂಡು ನಿಂತ್ಕೊಳೋರು. "ಎಲ್ಲಿ ಕೂರ್ಲವ್ವ?" ಅಂತ ಒಂದಿನ ಕೇಳಿದ್ರು. ನಾನು ಸೋಫಾ ತೋರಿಸ್ದೆ. ಅವರು ಕೇಳಿದ್ದು ಅದಲ್ಲ ಅಂತ ನಂಗೆ ಗೊತ್ತಿತ್ತು. ಎರಡು ವರ್ಷಕ್ಕೆ ತೀರ್ಕೊಂಡ್ರು. ವಯಸ್ಸಾಗಿತ್ತು, ಮನೆ ಕೆಡವಿದ್ದಕ್ಕೇ ಹೋದ್ರು ಅಂತ ಹೇಳಲ್ಲ. ಆದ್ರೆ ಆ ಎರಡು ವರ್ಷ ಅವರು ಬೀದಿ ನೋಡಿದ್ದು ಕಂಬಿ ಹಿಂದೆ ನಿಂತು.

ನಮ್ಮ ಕಡೆ ಕಟ್ಟಡ ಅಂದ್ರೆ ಎಲ್ಲರೂ ದೇವಸ್ಥಾನ ತೋರಿಸ್ತಾರೆ. ಸರಿ, ಅದನ್ನೇ ನೋಡೋಣ. ನಮ್ಮೂರ ಶಿವಾಲಯ 1220ರ ಸುಮಾರಿಗೆ ಕಟ್ಟಿದ್ದು. ಮುಂದಿನ ಮಂಟಪ ಹದಿನಾರು ಮೂಲೆಯ ನಕ್ಷತ್ರದಂಗಿದೆ, ತೆರೆದ ಮಂಟಪ, ಸುತ್ತಾ ಕೂರೋಕೆ ಕಲ್ಲಿನ ಆಸನ. ಬೇಲೂರು, ಹಳೇಬೀಡಲ್ಲಿ ಇಡೀ ದೇವಸ್ಥಾನ ನಿಂತಿರೋದೇ ಜಗತಿ ಅನ್ನೋ ಎತ್ತರದ ಕಟ್ಟೆ ಮೇಲೆ. ಜಗತಿ, ಜಗಲಿ ಅಂದ್ರೆ ಕಿವಿಗೆ ಅಕ್ಕತಂಗೀರ ಥರ ಕೇಳ್ಸತ್ತೆ. ಮೇಲೆ ಕಲ್ಲಲ್ಲೇ ಸೂರು ಇಳಿಸಿದಾರೆ. ಕೂರೋಕೆ ಕಟ್ಟೆ, ತಲೆ ಮೇಲೆ ಸೂರು, ಹೊಯ್ಸಳರ ಕಾಲದಲ್ಲಿ ದೇವರ ಮನೆಗೂ ಬೇಕು ಅನ್ನಿಸಿತ್ತು. ನಮ್ಮ ಮನೆಗೆ ಬೇಡವಾಯ್ತು.

2023ರ ಸೆಪ್ಟೆಂಬರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ್ವು. ಸಂತೋಷ. ಕಾನೂನೂ ಇದೆ. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟಂಗಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ದೇವಸ್ಥಾನ ಉಳೀಬೇಕಾದ್ರೆ ಇದು ಬೇಕೇ ಬೇಕು. ಆದ್ರೆ ಆ ಗೆರೆ ದಾಟಿದ್ಮೇಲೆ ಗಾಜಿನ ಡಬ್ಬ ಕಟ್ಟಿದ್ರೂ ಈ ಕಾನೂನು ತಿರುಗಿ ನೋಡಲ್ಲ. ದೂರ ಅಳೆಯೋಕೆ ಟೇಪಿದೆ, ಊರಿನ ಮುಖ ಕಾಯೋಕೆ ಯಾರೂ ಇಲ್ಲ.

ಬೇಲೂರಿಗೆ ಮಲೆನಾಡಿನ ಮಳೆ, ಅರಸೀಕೆರೆಗೆ ಬಯಲುಸೀಮೆ ಬಿಸಿಲು. ಎರಡಕ್ಕೂ ಈಗ ಬೆಂಗಳೂರಿನ ಬಡಾವಣೆಯ ಒಂದೇ ಡಬ್ಬ. ಹಗಲೆಲ್ಲಾ ಕಾದ ಆರ್‌ಸಿಸಿ ತಾರಸಿ ರಾತ್ರಿ ಹನ್ನೊಂದಾದ್ರೂ ಶಾಖ ಬಿಡ್ತಾನೇ ಇರತ್ತೆ. ಬೆಳಕಿಗೆ ಅಂತ ಗಾಜು ಹಾಕ್ಸಿ, ಬಿಸಿಲಿಗೆ ಅಂತ ಪರದೆ ಎಳೆದು, ಹಗಲಲ್ಲೇ ಲೈಟ್ ಹಾಕ್ಕೊಂಡು ಕೂರ್ತೀವಿ. ಕರೆಂಟ್ ಬಿಲ್ ಬಂದಾಗ ಸೂರಿನ ಬೆಲೆ ಗೊತ್ತಾಗತ್ತೆ.

"ಜಗಲಿ ಇದ್ರೆ ಕುಡುಕರು ಬಂದು ಮಲಗ್ತಾರೆ" ಅಂತಾರೆ. ಹೆಂಗಸರು ಕೂತಿರೋ ಬೀದೀಲಿ ಕುಡುಕ ಮಲಗಲ್ಲ ಕಣ್ರೀ, ಬೀದಿ ಖಾಲಿಯಾದ್ಮೇಲೆ ಅವನು ಬಂದಿದ್ದು. ಈಗ ಸಿಸಿ ಕ್ಯಾಮೆರಾ ಮಾಡೋ ಕೆಲಸನ ಅತ್ತೆಯವರು ಎಲೆಅಡಿಕೆ ಖರ್ಚಲ್ಲಿ ಮಾಡ್ತಿದ್ರು. "ಕಾರಿಗೆ ಜಾಗ ಬೇಕು" ಅಂತಾರೆ. ಮೂವತ್ತಡಿ ಅಗಲದ ಸೈಟಲ್ಲಿ ಕಾರಿಗೆ ಹತ್ತಡಿ ಹೋದ್ರೂ ಇಪ್ಪತ್ತಡಿ ಉಳಿಯತ್ತೆ. "ರಸ್ತೆ ಅಗಲ ಆಗ್ಬೇಕು" ಅಂತಾರೆ. ಬಿ.ಎಚ್. ರಸ್ತೆ ಅಗಲ ಆಗ್ಲಿ, ಲಾರಿ ಬಸ್ಸು ಓಡಾಡ್ಬೇಕು. ಒಳಗಿನ ಬೀದೀಲಿ ಜಗಲಿ ಒಡೆದ ಜಾಗದಲ್ಲಿ ಬೈಕು ನಿಂತಿವೆ, ಅಷ್ಟೇಯ. ಅಂಗಡಿ ಬಾಡಿಗೆ ಮಾತ್ರ ನಿಜವಾದ ಮಾತು, ಮಕ್ಕಳ ಓದಿಗೆ ದುಡ್ಡು ಬೇಕು. ಅದಕ್ಕೆ ಎರಡು ಶಟರಲ್ಲಿ ಒಂದು ಮೂರಡಿ ಹಿಂದಕ್ಕೆ ಹೋದ್ರೆ ಸಾಕು.

ಇನ್ನೊಂದು ಮಾತೂ ಒಪ್ಕೋಬೇಕು. ಆ ಕಾಲದ ಜಗಲೀಲಿ ಯಾರು ಮೇಲೆ ಕೂರ್ಬೋದು, ಯಾರು ಕೆಳಗೇ ನಿಲ್ಬೇಕು ಅನ್ನೋ ಕೆಟ್ಟ ಲೆಕ್ಕ ಇತ್ತು. ಹೆಂಚಿನ ಜೊತೆ ಅದು ಹೋಗ್ಲಿ. ಹೊಸ ಜಗಲಿ ಬಿಸಿಲಲ್ಲಿ ಬಂದ ಎಲ್ಲರಿಗೂ.

ತಮ್ಮನಿಗೆ ಹೇಳಿದೀನಿ. "ಮೂರಡಿ ಅಗಲ, ಎಂಟಡಿ ಉದ್ದ, ಮೇಲೊಂದು ಸೂರು. ಕಡಪ ಕಲ್ಲು ಹಾಕ್ಸು, ಖರ್ಚು ನಂದು." "ಇಂಜಿನಿಯರ್‌ನ ಕೇಳ್ತೀನಿ ಅಕ್ಕ" ಅಂದ. "ಅವರನ್ನ ಆಮೇಲೆ ಕೇಳುವಂತೆ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿ ಕೂರ್ತೀಯ ಅಂತ ಮೊದ್ಲು ಅಮ್ಮನ್ನ ಕೇಳು" ಅಂದೆ.

ಇನ್ನೂ ಉತ್ತರ ಬಂದಿಲ್ಲ. ನಿಮ್ಮನೇಲೂ ಪ್ಲಾನ್ ಬಂದಿದ್ರೆ, ಸಹಿ ಹಾಕೋಕೆ ಮುಂಚೆ ಮನೇಲಿರೋ ಹಿರಿಯರನ್ನ ಇದೊಂದು ಮಾತು ಕೇಳಿ. ನಾನು ಆಗ ಕೇಳ್ಲಿಲ್ಲ.