ಕೈ ಮುಟ್ಟದ ಪರಿಗ್ರಹ

“ಪರರ ವಸ್ತುವನ್ನು ಕದ್ದರೆ ಪಾಪ, ಅದರ ಮೇಲೆ ಮನಸ್ಸಾದ ಮಾತ್ರಕ್ಕೆ ಪಾಪವೆಲ್ಲಿಯದು?” ಎಂಬ ಪ್ರಶ್ನೆಯನ್ನು ನಮ್ಮ ಸಮಾಜದಲ್ಲಿ ವ್ರತಿಗಳೆನಿಸಿಕೊಂಡವರೂ ನಿಸ್ಸಂಕೋಚವಾಗಿ ಕೇಳುತ್ತಾರೆ. ನೆರೆಯವನ ಮನೆಯನ್ನೋ ದಾಯಾದಿಯ ಹೊಲವನ್ನೋ ಕಂಡು ‘ಇದು ನನ್ನದಾಗಬಾರದಿತ್ತೆ’ ಎಂದುಕೊಂಡರೆ ಯಾರ ಗಂಟು ಹೋಯಿತು ಎಂಬುದು ಅವರ ವಾದ. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರು, ಅನ್ಯರ ಸಿರಿಗೆ ಆಸೆಪಡುವುದೇ ಉದ್ಯಮಶೀಲತೆಯ ಬೀಜ, ಅದಿಲ್ಲದಿದ್ದರೆ ಮನುಷ್ಯನು ಮುಂದೆ ಬರುವುದೆಂತು ಎನ್ನುತ್ತಾರೆ. ಮೊದಲನೆಯದು ಅಜ್ಞಾನದ ಮಾತು. ಎರಡನೆಯದು ಅದೇ ಅಜ್ಞಾನಕ್ಕೆ ಹೊದಿಸಿದ ಜರತಾರಿ ಶಾಲು. ಎರಡನ್ನೂ ಖಂಡಿಸದೆ ಬಿಟ್ಟರೆ ಪಂಚಾಣುವ್ರತಗಳಲ್ಲಿ ಕಡೆಯದಾದ ಪರಿಗ್ರಹಪರಿಮಾಣವು ಕೇವಲ ಲೆಕ್ಕಪತ್ರದ ವ್ರತವಾಗಿ ಉಳಿಯುತ್ತದೆ.

ಮೊದಲು ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಸಿದವನು ಅನ್ನವನ್ನು ಬಯಸುವುದು, ಮನೆಯಿಲ್ಲದವನು ಸೂರನ್ನು ಬಯಸುವುದು ಪರಸ್ವತ್ತಿನ ಮೋಹವಲ್ಲ. ಅದು ದೇಹಧಾರಣೆಯ ಅಗತ್ಯ. ಉಳ್ಳವರು ಇಲ್ಲದವರಿಗೆ ಸಂತೃಪ್ತಿಯನ್ನು ಬೋಧಿಸುವುದರಷ್ಟು ಸುಲಭವಾದ ಧರ್ಮೋಪದೇಶ ಬೇರೊಂದಿಲ್ಲ. ಈ ಲೇಖನಕ್ಕೆ ಅಂಥ ಉದ್ದೇಶವಿಲ್ಲ. ಇನ್ನೊಬ್ಬನ ವಿದ್ಯೆಯನ್ನೋ ದಾನಗುಣವನ್ನೋ ಕಂಡು ಹರ್ಷಿಸಿ, ತಾನೂ ಅದನ್ನು ಸಂಪಾದಿಸಬೇಕೆಂದು ಶ್ರಮಿಸುವುದೂ ಮೋಹವಲ್ಲ. ತತ್ತ್ವಾರ್ಥಸೂತ್ರವು ಮೈತ್ರಿ, ಕಾರುಣ್ಯ, ಮಾಧ್ಯಸ್ಥ್ಯಗಳ ಜೊತೆಯಲ್ಲಿ ಹೇಳುವ ಪ್ರಮೋದಭಾವನೆ ಇದೇ. ಪ್ರಮೋದವುಳ್ಳವನ ದೃಷ್ಟಿ ಗುಣದ ಮೇಲಿರುತ್ತದೆ. ಗುಣವು ಎಷ್ಟು ಜನರಿಗೆ ಹಂಚಿಹೋದರೂ ಮುಗಿಯುವುದಿಲ್ಲ. ಮೋಹವುಳ್ಳವನ ದೃಷ್ಟಿ ವಸ್ತುವಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಅದು ಇನ್ನೊಬ್ಬನ ಕೈಯಲ್ಲಿದೆ ಎಂಬುದರ ಮೇಲೆ ಇರುತ್ತದೆ. ಉದ್ಯಮಶೀಲತೆಯ ವಾದಿಗಳು ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸುತ್ತಾರೆ. ದುಡಿಯುವವನಿಗೆ ಬೇಕಾದುದು ತನ್ನ ಕೆಲಸದ ಮೇಲಿನ ಗಮನ. ಪಕ್ಕದ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಟ್ಟವನು ತನ್ನ ತಕ್ಕಡಿಯನ್ನು ನೋಡುವುದು ಯಾವಾಗ?

ಮನಸ್ಸಾದ ಮಾತ್ರಕ್ಕೆ ಪಾಪವೆಲ್ಲಿಯದು ಎಂಬ ಪ್ರಶ್ನೆಗೆ ಉಮಾಸ್ವಾಮಿ ಆಚಾರ್ಯರು ಬಹು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಪರಿಗ್ರಹಕ್ಕೆ ಲಕ್ಷಣವನ್ನು ಹೇಳುವಾಗ ಅವರು ವಸ್ತುಗಳ ಒಡೆತನವನ್ನು ಹೇಳಲಿಲ್ಲ, ಮೂರ್ಛೆಯನ್ನು ಹೇಳಿದರು. ‘ನನ್ನದು’ ಎಂಬ ಮಮತ್ವದಲ್ಲಿ ಜೀವವು ಮೈಮರೆಯುವುದೇ ಮೂರ್ಛೆ. ಈ ಲಕ್ಷಣವನ್ನು ಒಪ್ಪಿದ ಮೇಲೆ ವಸ್ತು ಯಾರ ಮನೆಯಲ್ಲಿದೆ ಎಂಬುದು ಮುಖ್ಯವಾಗುವುದಿಲ್ಲ. ಅರಮನೆಯಲ್ಲಿದ್ದೂ ಮಮತ್ವವಿಲ್ಲದವನು ಅಲ್ಪಪರಿಗ್ರಹಿ. ಬರಿಗೈಯಲ್ಲಿದ್ದೂ ಊರಿನ ಸಿರಿಯನ್ನೆಲ್ಲ ಮನಸ್ಸಿನಲ್ಲಿ ಹೊತ್ತು ತಿರುಗುವವನು ಮಹಾಪರಿಗ್ರಹಿ. ಕೈ ಮುಟ್ಟದಿದ್ದರೂ ಕಷಾಯವು ಕರ್ಮವನ್ನು ಕಟ್ಟಿಯೇ ಕಟ್ಟುತ್ತದೆ. ಕ್ರೋಧ, ಮಾನ, ಮಾಯೆಗಳು ಒಂಬತ್ತನೆಯ ಗುಣಸ್ಥಾನದಲ್ಲಿಯೇ ಅಡಗಿದರೂ ಸೂಕ್ಷ್ಮಲೋಭವು ಹತ್ತನೆಯದಾದ ಸೂಕ್ಷ್ಮಸಾಂಪರಾಯದವರೆಗೆ ಬೆನ್ನು ಬಿಡುವುದಿಲ್ಲವೆಂದು ನಮ್ಮ ಸಿದ್ಧಾಂತ ಹೇಳುತ್ತದೆ. ಮಹಾಮುನಿಗಳನ್ನೇ ಕಡೆಯವರೆಗೆ ಕಾಡುವ ಶತ್ರುವನ್ನು ಗೃಹಸ್ಥನು ನಿರಪರಾಧಿಯೆಂದು ಕರೆದು ಮನೆಯೊಳಗೆ ಮಣೆ ಹಾಕುವುದು ಎಂಥ ಧೈರ್ಯ!

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಕೊಟ್ಟಿರುವರು. ಅಳೆಯಬೇಕಾದುದು ಇಚ್ಛೆಯನ್ನು. ನಾವಾದರೋ ಹೊಲ, ಮನೆ, ಚಿನ್ನ, ಧಾನ್ಯಗಳಿಗೆ ಇರುವುದಕ್ಕಿಂತ ಎಷ್ಟೋ ಪಟ್ಟು ಮೇಲಿನ ಮಿತಿಯನ್ನು ಗೊತ್ತುಮಾಡಿ, ಅದನ್ನು ಮುಟ್ಟುವವರೆಗೆ ನಿಶ್ಚಿಂತರಾಗಿರುತ್ತೇವೆ. ಆಚಾರ್ಯರು ಈ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಅತಿವಾಹನ, ಅತಿಸಂಗ್ರಹ, ಲೋಭ, ಅತಿಭಾರವಾಹನಗಳ ನಡುವೆ ವಿಸ್ಮಯವನ್ನೂ ಸೇರಿಸಿದ್ದಾರೆ. ಬೆರಗಾಗುವುದೂ ದೋಷವೆ ಎಂದು ಓದುಗರಿಗೆ ಅನ್ನಿಸಬಹುದು. ತಾನು ಒಪ್ಪಿ ಮಾರಿದ ಸರಕಿನಿಂದ ಇನ್ನೊಬ್ಬನು ಅಧಿಕ ಲಾಭ ಪಡೆದುದನ್ನು ಕಂಡು ಬೆರಗಾಗಿ ವಿಷಾದಪಡುವುದು ಎಂದು ಟೀಕಾಕಾರರು ಇದನ್ನು ವಿವರಿಸುತ್ತಾರೆ. ಒಬ್ಬ ಶ್ರಾವಕನು ಈ ವಾರ ಅಡಿಕೆ ಮಾರಿದನೆನ್ನೋಣ. ಬೆಲೆ ನ್ಯಾಯವಾಗಿತ್ತು, ಮನಸ್ಸಿಗೂ ಒಪ್ಪಿತ್ತು. ಮುಂದಿನ ವಾರ ದರ ಏರಿ, ಕೊಂಡವನು ಹೆಚ್ಚು ಹಣಕ್ಕೆ ಮಾರಿದ. ಶ್ರಾವಕನು ಏನನ್ನೂ ಕದ್ದಿಲ್ಲ, ಯಾರನ್ನೂ ವಂಚಿಸಿಲ್ಲ, ತನ್ನ ಮಿತಿಯನ್ನೂ ದಾಟಿಲ್ಲ. ಆದರೆ ಆ ಹಣ ತನ್ನದಾಗಬೇಕಿತ್ತೆಂದು ರಾತ್ರಿ ನಿದ್ದೆಗೆಟ್ಟ. ಇಷ್ಟಕ್ಕೇ ವ್ರತ ಮಲಿನವಾಯಿತು ಎಂದು ಆಚಾರ್ಯರ ತೀರ್ಪು. ಮನಸ್ಸಿನ ಈ ಒಂದು ಇರುಳನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮವನ್ನು ಅನುಸರಿಸುತ್ತೇವೆಂದು ಹೇಳಿಕೊಳ್ಳುವ ನಾವು, ಕರುಬಿದರೆ ಯಾರ ಗಂಟು ಹೋಯಿತು ಎನ್ನಬಹುದೆ?

ಯಾರ ಗಂಟು ಹೋಯಿತು ಎಂಬುದನ್ನೂ ನೋಡೋಣ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ವಿಶ್ವನಂದಿಯ ವೃತ್ತಾಂತವಿದೆ. ಭಗವಾನ್ ಮಹಾವೀರರ ಜೀವವು ಒಂದು ಪೂರ್ವಭವದಲ್ಲಿ ರಾಜಗೃಹದ ಯುವರಾಜ ವಿಶ್ವನಂದಿಯಾಗಿತ್ತು. ಅವನಿಗೊಂದು ಚೆಲುವಾದ ಉದ್ಯಾನವಿತ್ತು. ಚಿಕ್ಕಪ್ಪನ ಮಗನಾದ ವಿಶಾಖನಂದಿಗೆ ಆ ಉದ್ಯಾನವೇ ಬೇಕೆನಿಸಿತು. ಸಿಂಹಾಸನದ ಮೇಲಿದ್ದ ತಂದೆಯನ್ನು ಕಾಡಿದನು. ತಂದೆಯು ಗಡಿನಾಡಿನ ಅರಸರನ್ನು ಅಡಗಿಸುವ ನೆವ ಹೂಡಿ ವಿಶ್ವನಂದಿಯನ್ನು ದಂಡೆತ್ತಿ ಹೋಗಲು ಕಳುಹಿಸಿ, ಉದ್ಯಾನವನ್ನು ತನ್ನ ಮಗನಿಗೆ ಕೊಟ್ಟನು. ವಂಚನೆಯನ್ನು ತಿಳಿದು ಮರಳಿದ ವಿಶ್ವನಂದಿಯು ವಿಶಾಖನಂದಿ ಹತ್ತಿ ಕುಳಿತಿದ್ದ ಮರವನ್ನೇ ಕಿತ್ತನು. ಅವನು ಮರೆಹೊಕ್ಕ ಕಲ್ಲುಕಂಬವನ್ನು ಒಡೆದನು. ಓಡುವವನನ್ನು ಕಂಡು ಕರುಣೆ ಹುಟ್ಟಿ, ಉದ್ಯಾನವನ್ನು ಅವನಿಗೇ ಬಿಟ್ಟುಕೊಟ್ಟು ದೀಕ್ಷೆ ವಹಿಸಿದನು. ಕಥೆ ಇಲ್ಲಿಗೆ ಮುಗಿಯಬಹುದಿತ್ತು; ಮುಗಿಯಲಿಲ್ಲ. ತಪಸ್ಸಿನಿಂದ ಕೃಶನಾಗಿದ್ದ ಆ ಮುನಿಯು ಮಧುರೆಯಲ್ಲಿ ಹಸುವೊಂದು ಹಾಯ್ದು ಬಿದ್ದಾಗ, ರಾಜ್ಯಭ್ರಷ್ಟನಾಗಿ ಅಲ್ಲಿದ್ದ ವಿಶಾಖನಂದಿಯು ನಕ್ಕು, ಕಂಬ ಒಡೆದ ಬಲ ಎಲ್ಲಿ ಹೋಯಿತೆಂದು ಹಂಗಿಸಿದನು. ಮುನಿಯ ಮನಸ್ಸು ಕದಡಿ ನಿದಾನವನ್ನು ಕಟ್ಟಿಕೊಂಡಿತು. ಮುಂದೆ ಅವನು ತ್ರಿಪೃಷ್ಠ ನಾರಾಯಣನಾದನು, ಇವನು ಅಶ್ವಗ್ರೀವನಾದನು. ತ್ರಿಪೃಷ್ಠನು ಅಶ್ವಗ್ರೀವನನ್ನು ಕೊಂದು ತಾನೂ ಏಳನೆಯ ನರಕಕ್ಕೆ ಇಳಿದನು. ಒಂದು ತೋಟದ ಮೇಲೆ ನೆಟ್ಟ ಕಣ್ಣು ರಾಜನನ್ನು ಸುಳ್ಳುಗಾರನನ್ನಾಗಿಸಿತು, ಒಡಹುಟ್ಟಿದಂತಿದ್ದವರನ್ನು ಜನ್ಮಾಂತರಗಳ ವೈರಿಗಳನ್ನಾಗಿಸಿತು, ತೀರ್ಥಂಕರನಾಗಬೇಕಿದ್ದ ಜೀವವನ್ನು ಅಧೋಗತಿಗೆ ತಳ್ಳಿತು.

ಇದು ಪುರಾಣದ ಮಾತಾಯಿತು. ನಮ್ಮ ಮನೆಗಳ ಮಾತೇನು? ಪರಸ್ವತ್ತಿನ ಮೋಹವು ಶಾಸ್ತ್ರೋಕ್ತ ಮುಹೂರ್ತದಲ್ಲಿ, ವಾದ್ಯಘೋಷದೊಡನೆ ನೆರವೇರುವ ಸಂದರ್ಭ ಒಂದಿದೆ. ಅದರ ಹೆಸರು ವರದಕ್ಷಿಣೆ. “ನಾವು ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ, ಮಗಳ ಮೇಲಿನ ಪ್ರೀತಿಯಿಂದ ಅವರೇ ಕೊಟ್ಟರು” ಎಂಬುದು ವರನ ಕಡೆಯವರ ಸಿದ್ಧ ಉತ್ತರ. 1961ರ ವರದಕ್ಷಿಣೆ ನಿಷೇಧ ಕಾಯಿದೆಯು ಕೊಡುವುದು, ತೆಗೆದುಕೊಳ್ಳುವುದರ ಜೊತೆಗೆ ನೇರವಾಗಿಯೋ ಪರೋಕ್ಷವಾಗಿಯೋ ಬೇಡುವುದನ್ನೂ ಪ್ರತ್ಯೇಕ ಅಪರಾಧವೆಂದು ಸಾರಿದೆ. ಬೇಡದೆ ಬಂದ ಉಡುಗೊರೆಗೆ ಮಾತ್ರ, ಪಟ್ಟಿಯಲ್ಲಿ ಬರೆದಿಡಬೇಕೆಂಬ ನಿಬಂಧನೆಯೊಡನೆ, ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿಯ ನೆರಳಿನಲ್ಲಿಯೇ ನಮ್ಮ ಸಭ್ಯರೆಲ್ಲ ಆಶ್ರಯ ಪಡೆದಿದ್ದಾರೆ. ಕಾಯಿದೆಯು ನಾಲಗೆಯನ್ನು ವಿಚಾರಿಸಬಲ್ಲದು, ಮನಸ್ಸನ್ನು ವಿಚಾರಿಸಲಾರದು. ಧರ್ಮವು ವಿಚಾರಿಸುವುದು ಮನಸ್ಸನ್ನೇ. ಕನ್ಯೆಯನ್ನು ನೋಡಲು ಹೋಗುವ ಮೊದಲೇ ಆಕೆಯ ತಂದೆಯ ತೋಟದ ಎಕರೆಗಳನ್ನು, ನಗರದ ನಿವೇಶನಗಳನ್ನು, ಗಂಡುಮಕ್ಕಳು ಇದ್ದಾರೆಯೇ ಇಲ್ಲವೇ ಎಂಬುದನ್ನು ವಿಚಾರಿಸಿಕೊಂಡವರು ಏನನ್ನೂ ಕೇಳಲಿಲ್ಲವೆಂದರೆ ನಂಬುವುದು ಹೇಗೆ? ಮೌನವಾಗಿ ಚಾಚಿದ ಕೈಯೂ ಬೇಡುವ ಕೈಯೇ. ಬಂದುದು ನಿರೀಕ್ಷೆಗಿಂತ ಕಡಮೆಯಾದಾಗ ಈ ಮೌನಕ್ಕೆ ಮಾತು ಬರುತ್ತದೆ. ಚುಚ್ಚುಮಾತಿನಿಂದ ಹಿಂಸೆಗೆ, ಹಿಂಸೆಯಿಂದ ಮರಣಕ್ಕೆ ದಾರಿ ಉದ್ದವಲ್ಲ. 2022ನೆಯ ಇಸವಿ ಒಂದರಲ್ಲಿಯೇ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರವನ್ನು ಮೀರಿದ್ದವು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮೇಲೆ ಉಣ್ಣದ ಮನೆಯಲ್ಲಿ ಸೊಸೆಯ ತವರಿನ ಗಂಟನ್ನು ಎಣಿಸುವವರಿದ್ದರೆ, ಆ ಮನೆಯ ಅಹಿಂಸೆ ಅಡಿಗೆಮನೆಯ ಹೊಸ್ತಿಲನ್ನು ದಾಟಿಲ್ಲವೆಂದೇ ಹೇಳಬೇಕು.

ತಪ್ಪು ಕರುಬುವವನೊಬ್ಬನದೇ ಅಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಪಾಪ ತಗಲುತ್ತದೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ಹಾಗಾದರೆ ಇತರರು ಕರುಬಲೆಂದೇ ಸಿರಿಯನ್ನು ಮೆರೆಸುವವನ ಗತಿಯೇನು? 1980ರ ದಶಕದಲ್ಲಿ ಓನಿಡಾ ದೂರದರ್ಶನ ಯಂತ್ರದ ಜಾಹೀರಾತು ಕೊಂಬು ಬಾಲಗಳುಳ್ಳ ಪಿಶಾಚಿಯೊಂದನ್ನು ಮುಂದಿಟ್ಟುಕೊಂಡು, ನೆರೆಯವರ ಹೊಟ್ಟೆಯುರಿಯೇ ಒಡೆಯನ ಹೆಮ್ಮೆ ಎಂಬರ್ಥದ ಘೋಷಣೆಯಿಂದ ದೇಶದ ತುಂಬ ಪ್ರಸಿದ್ಧವಾಯಿತು. ಆ ಜಾಹೀರಾತಿನಲ್ಲಿ ಒಂದು ಪ್ರಾಮಾಣಿಕತೆಯಿತ್ತು: ಮಾರುತ್ತಿರುವುದು ಮಾತ್ಸರ್ಯವನ್ನು ಎಂದು ಅದು ಮುಚ್ಚಿಡಲಿಲ್ಲ, ಕೊಂಬನ್ನೂ ತೋರಿಸಿತು. ನಮ್ಮ ಮದುವೆಮಂಟಪಗಳಲ್ಲಿ, ಗೃಹಪ್ರವೇಶಗಳಲ್ಲಿ, ಈಚೆಗೆ ಕೈಯೊಳಗಿನ ದೂರವಾಣಿಯಲ್ಲಿ ಬಂಧುಬಳಗಕ್ಕೆ ಹಂಚುವ ಚಿತ್ರಗಳಲ್ಲಿ ನಡೆಯುವ ವ್ಯಾಪಾರ ಅದೇ. ಕೊಂಬು ಮಾತ್ರ ಕಾಣಿಸುವುದಿಲ್ಲ. ಮಗಳ ಮೈಮೇಲೆ ತೊಲಗಟ್ಟಲೆ ಚಿನ್ನವನ್ನು ಹೇರಿ ನಿಲ್ಲಿಸುವ ತಂದೆ, ಅಂದು ಬಂದ ನೂರು ಜನ ತಾಯಂದಿರ ಎದೆಯಲ್ಲಿ ಕಿಡಿಯನ್ನು ಹಾಕಿ ಕಳುಹಿಸುತ್ತಾನೆ. ಅವರು ಕರುಬಿದ್ದು ಕೃತವಾದರೆ ಇವನದು ಕಾರಿತ.

ಬಸದಿಯೂ ಈ ರೋಗದಿಂದ ಹೊರತಾಗಿಲ್ಲ. ಪಂಚಕಲ್ಯಾಣ, ಅಭಿಷೇಕಗಳಲ್ಲಿ ಕಲಶಕ್ಕೆ ಸವಾಲು ಕೂಗುವುದುಂಟು. ಹೀಗೆ ಬಂದ ಹಣದಿಂದ ಜೀರ್ಣೋದ್ಧಾರವೂ ಅನ್ನದಾನವೂ ನಡೆಯಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಬ್ಬನಿಗೆ ದೊರೆಯಲಿದ್ದ ಮೊದಲ ಕಲಶ ತನಗೇ ದೊರೆಯಬೇಕೆಂಬ ಹಟದಲ್ಲಿ ಕೂಗಿದ ಸವಾಲು, ವೀತರಾಗನ ಮುಂದೆ ನಿಂತು ರಾಗವನ್ನೇ ನೈವೇದ್ಯ ಮಾಡಿದಂತೆ. ಸರ್ವವನ್ನೂ ತೊರೆದು ದಿಗಂಬರನಾಗಿ ನಿಂತವನ ಪಾದದಲ್ಲಿ ಪರರ ಪುಣ್ಯಕ್ಕೂ ಕೈಚಾಚುವುದಕ್ಕಿಂತ ವಿಪರ್ಯಾಸ ಯಾವುದಿದೆ?

ಶ್ರಾವಕ ಶ್ರಾವಿಕೆಯರು ಇನ್ನು ಮುಂದೆ ವ್ರತವನ್ನು ಸ್ವೀಕರಿಸುವಾಗ ತಿಜೋರಿಗೆ ಮಾತ್ರ ಮಿತಿಯನ್ನು ಹೇಳಿ ಸುಮ್ಮನಾಗಬಾರದು. ಕಣ್ಣಿಗೂ ಒಂದು ಮಿತಿಯನ್ನು ಹೇಳಬೇಕು. ಪ್ರತಿದಿನದ ಪ್ರತಿಕ್ರಮಣದಲ್ಲಿ, ಇಂದು ಯಾರ ಏಳಿಗೆಯನ್ನು ಕಂಡು ನನ್ನ ಮನಸ್ಸು ಕುಂದಿತು ಎಂದು ಹೆಸರು ಹಿಡಿದು ಕೇಳಿಕೊಳ್ಳಬೇಕು. ಮಗನಿಗೆ ಹೆಣ್ಣು ನೋಡುವವರು ಬೀಗರ ಆಸ್ತಿಯ ವಿಚಾರವನ್ನು ಎತ್ತುವವರ ಬಾಯಿಯನ್ನು ಮೊದಲ ಮಾತಿನಲ್ಲಿಯೇ ಕಟ್ಟಬೇಕು. ಉಮಾಸ್ವಾಮಿಗಳ ಪ್ರಕಾರ ಶಲ್ಯವಿಲ್ಲದವನೇ ವ್ರತಿ. ಕಾಲಿಗೆ ನೆಟ್ಟ ಮುಳ್ಳು ಬೇರೊಬ್ಬನ ಬೇಲಿಯದು ಎಂದ ಮಾತ್ರಕ್ಕೆ ನೋಯದಿರುವುದಿಲ್ಲ. ಅದನ್ನು ಕೀಳಬೇಕಾದವರು ನಾವೇ.