ಎಲೀಯನು ಮರಳಿ ಹುಟ್ಟಿದನೇ?

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಯ ಕ್ರೈಸ್ತ ಹಿರಿಯರೊಬ್ಬರು ತೀರಿಕೊಂಡರು. ನೋಡಿಬರಲು ನಾವು ನಾಲ್ಕು ಮಂದಿ ಹೋಗಿದ್ದೆವು. ನಮ್ಮಲ್ಲೊಬ್ಬರು ಅವರ ಪತ್ನಿಯನ್ನು ಸಮಾಧಾನಪಡಿಸಿದ್ದು ಹೀಗೆ: "ಅಳಬೇಡಿ ಬಾಯಮ್ಮ, ಈ ಮನೆಯಲ್ಲೇ ಮೊಮ್ಮಗನಾಗಿ ಹುಟ್ಟಿ ಬರುತ್ತಾರೆ. ನಿಮ್ಮ ಬೈಬಲಿನಲ್ಲೂ ಎಲೀಯ ಪ್ರವಾದಿ ಯೋಹಾನನಾಗಿ ಹುಟ್ಟಲಿಲ್ಲವೇ? ಎಲ್ಲ ಒಂದೇ." ಆ ತಾಯಿ ಏನೂ ಹೇಳಲಿಲ್ಲ. ಆಡಿದವರ ಮನಸ್ಸು ಒಳ್ಳೆಯದೇ, ಮಾತು ಮಾತ್ರ ತಪ್ಪು. ಅದನ್ನು ಕ್ರೈಸ್ತನಲ್ಲದ ನಾನೇ ಹೇಳುವುದು ಮೇಲು.

ಆ ವಾದಕ್ಕೆ ಆಧಾರವೇ ಇಲ್ಲವೆಂದಲ್ಲ. ಎಲೀಯನನ್ನು ಕಳುಹಿಸುವೆನೆಂಬ ದೇವರ ವಾಗ್ದಾನ ಮಲಾಕಿಯನ ಗ್ರಂಥದ ಕೊನೆಯಲ್ಲಿದೆ. ಬರಬೇಕಾಗಿದ್ದ ಎಲೀಯ ಈ ಯೋಹಾನನೇ ಎಂದು ಯೇಸು ಹೇಳಿದ್ದು ಮತ್ತಾಯನ 11ನೆಯ ಅಧ್ಯಾಯದಲ್ಲಿದೆ. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ಪುನರ್ಜನ್ಮ ಸಿದ್ಧವಾಯಿತು. ಮುಚ್ಚದೆ ಓದಿದರೆ?

ಸತ್ತವನು ತಾನೇ ಮರಳಿ ಹುಟ್ಟಬೇಕು? ಎಲೀಯ ಸಾಯಲೇ ಇಲ್ಲ. ಸುಳಿಗಾಳಿಯಲ್ಲಿ ಸ್ವರ್ಗಕ್ಕೇರಿದನೆಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಅವನ ಆತ್ಮ ಶಿಷ್ಯ ಎಲೀಷನ ಮೇಲೆ ನೆಲೆಸಿತೆಂದು ಜೊತೆಯ ಪ್ರವಾದಿಗಳು ಗುರುತಿಸಿದರು. ಎಲೀಷನಾದರೋ ಹೊಲ ಉಳುತ್ತಿದ್ದಲ್ಲಿಂದ ಎದ್ದುಬಂದ ಬೆಳೆದ ಗಂಡಸು. ಹುಟ್ಟುವ ಪ್ರಶ್ನೆ ಎಲ್ಲಿ ಬಂತು? ಯೋಹಾನನೂ ಎಲೀಯನ ಆತ್ಮದಿಂದ, ಶಕ್ತಿಯಿಂದ ನಡೆಯುವನೆಂದೇ ಲೂಕನ ಮೊದಲ ಅಧ್ಯಾಯ ವಿವರಿಸುತ್ತದೆ. ತಾನು ಎಲೀಯನಲ್ಲವೆಂದು ಯೋಹಾನನೇ ಕೇಳಿದವರಿಗೆ ಉತ್ತರಿಸಿದ. ಅವನ ಶಿರಚ್ಛೇದವಾದ ಬಳಿಕ ಬೆಟ್ಟದ ಮೇಲೆ ಮೋಶೆಯ ಜೊತೆಗೆ ಕಾಣಿಸಿಕೊಂಡವನು ಎಲೀಯನೇ, ಯೋಹಾನನಲ್ಲ. ಮನುಷ್ಯನಿಗೆ ಸಾವು ಒಂದೇ ಸಲ, ಆಮೇಲೆ ನ್ಯಾಯತೀರ್ಪು ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರಿಕೆ.

ಕ್ರಿ.ಶ. 553ರ ಕಾನ್‌ಸ್ಟಾಂಟಿನೋಪಲ್ ಸಭೆಯವರು ಬೈಬಲಿನಿಂದ ಪುನರ್ಜನ್ಮವನ್ನು ಕಿತ್ತುಹಾಕಿದರೆಂಬ ಇನ್ನೊಂದು ಮಾತು ಚಲಾವಣೆಯಲ್ಲಿದೆ. ಆ ಕಾಲದಲ್ಲಿ ಖಂಡಿಸಿದ್ದು ಆತ್ಮವು ದೇಹಕ್ಕಿಂತ ಮೊದಲೇ ಇತ್ತೆಂಬ ವಾದವನ್ನು. ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದಿನ ವ್ಯಾಟಿಕನಸ್, ಸಿನಾಯಿಟಿಕಸ್ ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಕಿತ್ತುಹಾಕಿದರೆನ್ನುವ ಬೋಧನೆ ಅವುಗಳಲ್ಲೂ ಇಲ್ಲ.

ಪುನರ್ಜನ್ಮ, ಪುನರುತ್ಥಾನ: ಕನ್ನಡ, ಮಲೆಯಾಳ ಎರಡರಲ್ಲೂ ಈ ಪದಗಳು ಅಕ್ಕಪಕ್ಕದವು. ಅರ್ಥ ಮಾತ್ರ ದೂರ. ಒಂದರಲ್ಲಿ ಆತ್ಮ ಹೊಸ ದೇಹ, ಹೊಸ ಹೆಸರು ಪಡೆಯುತ್ತದೆ. ಇನ್ನೊಂದರಲ್ಲಿ ಸತ್ತ ಆ ವ್ಯಕ್ತಿಯೇ ಎದ್ದುಬರುತ್ತಾನೆ. ಬಾಯಮ್ಮ ಕಾಯುತ್ತಿರುವುದು ಗಂಡನನ್ನು, ಮೊಮ್ಮಗನನ್ನಲ್ಲ. ಪುನರ್ಜನ್ಮ ನಂಬುವವರು ಗೀತೆಯ ಬಲದಿಂದ ನಂಬಲಿ. ಅದಕ್ಕೆ ಮತ್ತಾಯನ ಸಾಕ್ಷಿ ಬೇಕಿಲ್ಲ.

"ಎಲ್ಲ ಒಂದೇ" ಎಂಬ ಮಾತಿನ ನೋವು ಗಡಿನಾಡಿನ ನಮಗಿಂತ ಹೆಚ್ಚು ಯಾರಿಗೆ ಗೊತ್ತು? "ಕನ್ನಡ, ಮಲೆಯಾಳ ಎಲ್ಲ ಒಂದೇ ಅಲ್ಲವಾ, ಮಕ್ಕಳಿಗೆ ಬೇರೆ ತರಗತಿ ಯಾಕೆ?" ಎಂದು ನಗುತ್ತ ಕೇಳಿದವರನ್ನು 1956ರಿಂದೀಚೆಗೆ ಎಷ್ಟು ಕಂಡಿಲ್ಲ ನಾವು! ಅದನ್ನು ಪ್ರೀತಿಯೆಂದು ಒಪ್ಪಿದೆವೇ? ನೆರೆಯವರ ಗ್ರಂಥಕ್ಕೂ ಅದೇ ನ್ಯಾಯ ಸಲ್ಲಬೇಡವೇ? ಸಾವಿನ ಮನೆಯಲ್ಲಿ ಆಡಲು ಅವರ ಮಾತು ನಮಗೆ ತಿಳಿಯದಿದ್ದರೆ ಒಂದಷ್ಟು ಹೊತ್ತು ಸುಮ್ಮನೆ ಕುಳಿತು ಬಂದರೂ ಸಾಕು.